ಕತ್ತಲೆಕಾನಿನ ಮರಕ್ಕೊಂದು ದಪ್ಪ ಓರೆ ಅಕ್ಷರ

ಕಳೆದ ಜೂನ್ ಮೊದಲ ವಾರದಲ್ಲಿ ಈ ಕೆಲಸ ಹಿಡಿದೆ, ಜನವರಿ ಮೂರನೆಯ ವಾರದಲ್ಲಿ ಮುಗಿಯಿತು. ಏಳು ತಿಂಗಳಿಗೂ ಹೆಚ್ಚು. ಆರಂಭಿಸುವಾಗ ಮೂರು ವಾರ ಸಾಕು ಎಂದುಕೊಂಡಿದ್ದೆ. ದಪ್ಪ ಓರೆ ಅಕ್ಷರ ಎಂದರೆ, ಅಂದರೆ ಬೋಲ್ಡ್ ಇಟಾಲಿಕ್ ಎಂದರೆ, ಇರುವ ದಪ್ಪ ಅಕ್ಷರವನ್ನು ಸ್ವಲ್ಪ ವಾಲಿಸುವುದಷ್ಟೇ ಎಂಬ ತಿಳಿವಳಿಕೆ ನನಗೂ ಇತ್ತು. ಹಾಗೆಯೇ ಅಂದುಕೊಂಡು ಹೊರಡುವವರು ಇನ್ನೂ ಇದ್ದಾರೆ. ಅವರಿಗೆ ಒಂದಷ್ಟು ದಿನ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಶಿರಸಿಯಲ್ಲಿ ಕುಳಿತು ಪುಸ್ತಕಗಳ ಪುಟವಿನ್ಯಾಸ ಮಾಡುವುದು ನನ್ನ ವೃತ್ತಿ. ಉತ್ತರ ಕನ್ನಡದ ಕಾಡು ಮತ್ತು ತೋಟದ ಸಸ್ಯಗಳ ಕೈಪಿಡಿಯ ಮೂರನೆಯ ಸಂಪುಟ ನನ್ನ ಪಾಲಿಗೆ ಬಂತು. ಪ್ರತಿ ಸಸ್ಯಕ್ಕೂ ಮೊದಲು ಕನ್ನಡದ ಹೆಸರು, ಅದರ ಕೆಳಗೆ ರೋಮನ್ ಲಿಪಿಯಲ್ಲಿ ವೈಜ್ಞಾನಿಕ ಹೆಸರು, ಆಮೇಲೆ ವಿವರಣೆ. ಸಸ್ಯದ ಕುಲ ಮತ್ತು ಪ್ರಭೇದದ ಹೆಸರನ್ನು ಓರೆ ಅಕ್ಷರದಲ್ಲಿ ಮುದ್ರಿಸುವುದು ಹಳೆಯ ವಾಡಿಕೆ. ಅದೇ ಹೆಸರು ತಲೆಬರಹವಾಗಿ ಬಂದಾಗ ದಪ್ಪವೂ ಆಗಬೇಕು, ಓರೆಯಾಗಿಯೂ ಉಳಿಯಬೇಕು. ಹೆಸರಿನ ಮುಂದೆ ಬರುವ, ಅದನ್ನು ಕೊಟ್ಟ ವಿಜ್ಞಾನಿಯ ಸಂಕ್ಷೇಪನಾಮ ಮಾತ್ರ ನೇರ ಅಕ್ಷರದಲ್ಲಿರುತ್ತದೆ. ಮಾವಿನ ಹೆಸರಿನ ಮುಂದೆ ಲಿನೇಯಸ್‌ನನ್ನು ಸೂಚಿಸುವ ‘ಎಲ್’ ಅಕ್ಷರ ನೇರವಾಗಿ ನಿಲ್ಲುವುದು ಹೀಗೆ. ಒಂದೇ ಸಾಲಿನಲ್ಲಿ ಹೆಸರು ಯಾವುದು, ಅದನ್ನು ಕೊಟ್ಟವರು ಯಾರು ಎಂಬುದನ್ನು ಅಕ್ಷರದ ಭಂಗಿಯೇ ಹೇಳಿಬಿಡುತ್ತದೆ. ಹಾಗಾಗಿ ಸಸ್ಯಶಾಸ್ತ್ರದ ಪುಸ್ತಕಕ್ಕೆ ದಪ್ಪ ಓರೆ ಅಕ್ಷರ ಅಲಂಕಾರದ ವಸ್ತುವಲ್ಲ, ಅದು ಅರ್ಥವನ್ನು ಹೊರುತ್ತದೆ.

ಮೊದಲ ಎರಡು ಸಂಪುಟಗಳಿಗೆ ಬಳಸಿದ ಫಾಂಟ್‌ನಲ್ಲಿ ಕನ್ನಡವೂ ಇತ್ತು, ಅದಕ್ಕೆ ಹೊಂದುವ ರೋಮನ್ ಸೆರಿಫ್ ಅಕ್ಷರಗಳೂ, ಅಂದರೆ ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡಗೆರೆಯಿರುವ ಅಕ್ಷರಗಳೂ, ಇದ್ದವು. ಆದರೆ ಸಾಧಾರಣ, ದಪ್ಪ, ಓರೆ ಎಂಬ ಮೂರೇ ರೂಪಗಳು. ನಾಲ್ಕನೆಯದನ್ನು ಯಾರೂ ಬಿಡಿಸಿರಲಿಲ್ಲ. ಹಿಂದಿನ ಸಂಪುಟಗಳಲ್ಲಿ ತಲೆಬರಹಗಳನ್ನು ತೆಳು ಓರೆಯಲ್ಲೇ ಬಿಟ್ಟಿದ್ದರು. ಕಾಡಿನಲ್ಲಿ, ಮರದ ನೆರಳಲ್ಲಿ ನಿಂತು ಪುಟ ತಿರುಗಿಸುವಾಗ ಹೆಸರು ಕಣ್ಣಿಗೆ ಬೀಳುವುದಿಲ್ಲ ಎಂದು ಓದುಗರು ದೂರಿದ್ದರು. ಈ ಸಲ ಅದನ್ನು ಸರಿಪಡಿಸಲೇಬೇಕೆಂದು ಸಂಪಾದಕರು ಪಟ್ಟು ಹಿಡಿದರು. ಅವರು ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕರು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬರಹ ತಯಾರಾಗಿದ್ದ ವರ್ಡ್ ಕಡತದಲ್ಲಿ ದಪ್ಪ ಮತ್ತು ಓರೆ ಗುಂಡಿಗಳೆರಡನ್ನೂ ಒತ್ತಿದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಇಲ್ಲದ ರೂಪವನ್ನು ತಂತ್ರಾಂಶ ತಾನೇ ವಾಲಿಸಿ ತೋರಿಸುತ್ತಿತ್ತು. ಅದೇ ಕಡತ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ಬಂದಾಗ ಅಷ್ಟೂ ತಲೆಬರಹಗಳ ಮೇಲೆ ಗುಲಾಬಿ ಬಣ್ಣ ಹರಡಿತು. ಅಲ್ಲಿ ಸುಳ್ಳು ಓರೆ ನಡೆಯುವುದಿಲ್ಲ, ರೂಪ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಿಮ್ಮ ಫಾಂಟ್‌ನಲ್ಲಿ ನಿಜವಾಗಿ ಯಾವ ರೂಪಗಳಿವೆ ಎಂಬುದನ್ನು ಕೆಲಸಕ್ಕೆ ಕೂರುವ ಮೊದಲೇ ಕಡತಗಳನ್ನು ಎಣಿಸಿ ನೋಡಿಕೊಳ್ಳಿ. ಗುಂಡಿ ಒತ್ತಿದಾಗ ಅಕ್ಷರ ವಾಲಿತೆಂದರೆ ಆ ರೂಪ ಇದೆ ಎಂದೇನೂ ಅಲ್ಲ.

ಬೇರೆ ಫಾಂಟ್‌ಗಳಿಂದ ಎರವಲು ತರುವುದನ್ನೂ ಪ್ರಯತ್ನಿಸಿದೆ. ನೋಟೋ ಸೆರಿಫ್‌ನಲ್ಲಿ ಒಳ್ಳೆಯ ದಪ್ಪ ಓರೆ ಇದೆ, ಚಾರಿಸ್‌ನಲ್ಲಿಯೂ ಇದೆ. ಎರಡೂ ಮುಕ್ತ ಪರವಾನಗಿಯವು, ಬಿಡಿಕಾಸು ಕೊಡಬೇಕಿಲ್ಲ. ಆದರೆ ಅವುಗಳ ಸಣ್ಣಕ್ಷರಗಳು ನಮ್ಮವಕ್ಕಿಂತ ಎತ್ತರ. ಪಕ್ಕದಲ್ಲಿ ನಮ್ಮ ‘ಎಲ್’ ನಿಂತಾಗ ಬೇರೆ ಮನೆಯಿಂದ ಬಂದ ನೆಂಟರಂತೆ ಕಾಣುತ್ತಿತ್ತು. ಟೈಮ್ಸ್ ಹಾಕಿದರೆ ಸಾಲು ಇಕ್ಕಟ್ಟಾಯಿತು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ನೀವು ಹೊಸ ಪುಸ್ತಕ ಆರಂಭಿಸುವವರಾದರೆ ನಾಲ್ಕೂ ರೂಪಗಳಿರುವ ಫಾಂಟನ್ನೇ ಮೊದಲು ಆರಿಸಿಕೊಳ್ಳಿ, ನನ್ನ ಹಾದಿ ಹಿಡಿಯಬೇಡಿ. ನಮಗೆ ಎರಡು ಸಂಪುಟಗಳು ಆಗಲೇ ಓದುಗರ ಕೈಯಲ್ಲಿದ್ದುದರಿಂದ ಬೇರೆ ದಾರಿ ಇರಲಿಲ್ಲ.

ಬಿಡಿಸಲು ಕೂರುವ ಮೊದಲು ಪರವಾನಗಿ. ಮೂಲ ಫಾಂಟ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿದೆ. ಅದನ್ನು ತಿದ್ದಬಹುದು, ಹಂಚಬಹುದು, ಪುಸ್ತಕದಲ್ಲಿ ಬಳಸಬಹುದು. ಫಾಂಟನ್ನು ಒಂಟಿಯಾಗಿ ಮಾರುವಂತಿಲ್ಲ, ತಿದ್ದಿದ್ದನ್ನೂ ಇದೇ ಪರವಾನಗಿಯಡಿ ಬಿಡಬೇಕು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ ಸಂಗತಿ ಪರವಾನಗಿಯ ಪಠ್ಯದ ಮೊದಲ ಸಾಲುಗಳಲ್ಲೇ ಇತ್ತು. ಫಾಂಟಿನ ಹೆಸರನ್ನು ಅದನ್ನು ಮಾಡಿದವರು ಕಾಯ್ದಿರಿಸಿದ್ದರು. ಹಾಗೆ ಕಾಯ್ದಿರಿಸಿದ್ದರೆ, ತಿದ್ದಿದ ಆವೃತ್ತಿಗೆ ಆ ಹೆಸರು ಬಳಸಲು ಹಕ್ಕುದಾರರ ಲಿಖಿತ ಅನುಮತಿ ಬೇಕು. ನನ್ನ ಹೊಸ ರೂಪ ಅದೇ ಕುಟುಂಬದ ನಾಲ್ಕನೆಯ ಸದಸ್ಯನಾಗಿ ಪಟ್ಟಿಯಲ್ಲಿ ಕಾಣಬೇಕಾದರೆ ಹೆಸರು ಬದಲಾಗುವಂತಿರಲಿಲ್ಲ. ಮಿಂಚಂಚೆ ಕಳುಹಿಸಿ 41 ದಿನ ಕಾದೆ. ನಡುವೆ ಎರಡು ಸಲ ನೆನಪೋಲೆ ಬರೆದೆ. ಆಷಾಢದ ಮಳೆ, ದಿನಕ್ಕೆ ನಾಲ್ಕೈದು ಗಂಟೆ ವಿದ್ಯುತ್ ಇಲ್ಲ, ಉತ್ತರವೂ ಇಲ್ಲ. ಆ ದಿನಗಳಲ್ಲಿ ಒಂದು ಬಗೆಯ ಅಸಹಾಯಕತೆ ಕಾಡಿತು. ಕೊನೆಗೆ ಎರಡು ಸಾಲಿನ ಒಪ್ಪಿಗೆ ಬಂತು. ಅದನ್ನು ಮುದ್ರಿಸಿ ಕಡತದಲ್ಲಿ ಇಟ್ಟಿದ್ದೇನೆ. ನೀವು ಮಾಡುವುದಾದರೆ ಮೊದಲ ದಿನವೇ ಆ ಪತ್ರ ಬರೆದುಬಿಡಿ, ಕಾಯುತ್ತಲೇ ಬಿಡಿಸುತ್ತಿರಬಹುದು. ನಾನು ಕೈಕಟ್ಟಿ ಕುಳಿತು ಆ ದಿನಗಳನ್ನು ಕಳೆದುಕೊಂಡೆ.

ಬಿಡಿಸಲು ಬಳಸಿದ್ದು ಫಾಂಟ್‌ಫೋರ್ಜ್, ಉಚಿತ ತಂತ್ರಾಂಶ. ದಪ್ಪ ಅಕ್ಷರಗಳನ್ನೆಲ್ಲ ಆರಿಸಿ 11 ಡಿಗ್ರಿ ವಾಲಿಸಿದೆ. ಅರ್ಧ ನಿಮಿಷದ ಕೆಲಸ. ಅದನ್ನು 13 ಪಾಯಿಂಟ್‌ನಲ್ಲಿ ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡು ನೋಡಿದಾಗ ಎದೆ ಕುಸಿಯಿತು. ರೋಮನ್ ‘ಓ’ ಅಕ್ಷರದ ಬಲ ಮೇಲ್ಭಾಗ ಮತ್ತು ಎಡ ಕೆಳಭಾಗ ಊದಿಕೊಂಡಿದ್ದವು, ಉಳಿದೆರಡು ಮೂಲೆಗಳು ಸೊರಗಿದ್ದವು. ವಾಲಿಸುವುದೆಂದರೆ ಒಂದು ಕರ್ಣದ ಕಡೆಗೆ ಎಳೆದು, ಇನ್ನೊಂದು ಕರ್ಣದ ಕಡೆಗೆ ಒತ್ತುವುದು. ರೊಟ್ಟಿಯ ಹಿಟ್ಟನ್ನು ಎರಡು ಮೂಲೆ ಹಿಡಿದು ಎಳೆದಂತೆ. ತೆಳು ಅಕ್ಷರದಲ್ಲಿ ಈ ವಿಕಾರ ಅಷ್ಟಾಗಿ ಕಾಣುವುದಿಲ್ಲ, ದಪ್ಪದಲ್ಲಿ ಮುಚ್ಚಿಡಲಾಗದು.

ಅದೂ ಅಲ್ಲದೆ, ನಿಜವಾದ ಇಟಾಲಿಕ್‌ನ ಅಕ್ಷರಗಳ ರೂಪವೇ ಬೇರೆ. ನೇರ ಅಕ್ಷರದಲ್ಲಿ ಸಣ್ಣ ‘ಎ’ಗೆ ಎರಡು ಅಂತಸ್ತು, ಓರೆಯಲ್ಲಿ ಒಂದೇ. ಸಣ್ಣ ‘ಎಫ್’ ಸಾಲಿನ ಕೆಳಕ್ಕೆ ಬಾಲ ಇಳಿಬಿಡುತ್ತದೆ. ಎಲ್ಲವೂ ಸ್ವಲ್ಪ ಕಿರಿದಾಗಿರುತ್ತವೆ. ಕಾರಣ ಇತಿಹಾಸದಲ್ಲಿದೆ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಟಿಯಸ್ ವರ್ಜಿಲ್‌ನ ಕಾವ್ಯವನ್ನು ಚಿಕ್ಕ ಪುಸ್ತಕವಾಗಿ ಮುದ್ರಿಸಿದಾಗ, ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಕರ್ಮಿ ಅದಕ್ಕಾಗಿ ಓರೆ ಮೊಳೆಗಳನ್ನು ಕೊರೆದುಕೊಟ್ಟ. ಆಗಿನ ವಿದ್ವಾಂಸರ ಕೈಬರಹವೇ ಅವಕ್ಕೆ ಮಾದರಿ. ಅದು ಒತ್ತಿ ಹೇಳಲು ಹುಟ್ಟಿದ ಅಕ್ಷರವಲ್ಲ, ಇಡೀ ಪುಸ್ತಕವೇ ಅದರಲ್ಲಿತ್ತು. ಇನ್ನು ಒಂದೇ ಕುಟುಂಬದಲ್ಲಿ ಸಾಧಾರಣಕ್ಕೆ ಜೊತೆಯಾಗಿ ನಿಲ್ಲುವ ದಪ್ಪ ಅಕ್ಷರ ಹತ್ತೊಂಬತ್ತನೆಯ ಶತಮಾನದ ಕೂಸು. 1845ರಲ್ಲಿ ಲಂಡನ್ನಿನಲ್ಲಿ ಬಂದ ಕ್ಲಾರೆಂಡನ್ ಅದರ ಹಿರಿಯ. ದಪ್ಪ ಓರೆ ಇವೆರಡರ ಮಗು. ಅದಕ್ಕೆ ಲೇಖನಿಯ ಮಾದರಿ ಇಲ್ಲ, ಯಾರೂ ಹಾಗೆ ಕೈಯಲ್ಲಿ ಬರೆದವರಿಲ್ಲ. ಹಲವು ಹಳೆಯ ಅಕ್ಷರ ಕುಟುಂಬಗಳಲ್ಲಿ ಅದು ಇಲ್ಲವೇ ಇಲ್ಲ. ಇದು ಅರ್ಥವಾದ ಮೇಲೆ ನನ್ನ ಫಾಂಟ್ ಮಾಡಿದವರ ಮೇಲಿದ್ದ ಬೇಸರ ಹೋಯಿತು.

ಎರಡನೆಯ ಉಪಾಯ ಲೆಕ್ಕದ್ದು. ದಪ್ಪಕ್ಕೆ ಓರೆಯನ್ನು ಕೂಡಿಸಿ ಸಾಧಾರಣವನ್ನು ಕಳೆದರೆ ದಪ್ಪ ಓರೆ ಸಿಗಬೇಕಲ್ಲವೇ? ಅಕ್ಷರದ ಅಂಚನ್ನು ಕಟ್ಟುವ ಬಿಂದುಗಳ ಸಂಖ್ಯೆ ಮತ್ತು ಕ್ರಮ ಮೂರು ರೂಪಗಳಲ್ಲೂ ಒಂದೇ ಆಗಿದ್ದರೆ ಇದು ನಡೆಯುತ್ತದೆ. ‘ಎಲ್’, ‘ಓ’ ಮತ್ತು ಬಹುಪಾಲು ದೊಡ್ಡಕ್ಷರಗಳಿಗೆ ಆಧಾರವಾಗುವಷ್ಟು ಚೆನ್ನಾಗಿ ಬಂತು. ಒಂದಂತಸ್ತಿನ ‘ಎ’ಗೆ ಎರಡಂತಸ್ತಿನ ‘ಎ’ಯನ್ನು ಕೂಡಿಸಲು ಆಗುವುದಿಲ್ಲ. ಸಣ್ಣಕ್ಷರಗಳಲ್ಲಿ ಹೆಚ್ಚಿನವನ್ನು ತೆಳು ಓರೆಯ ಮೇಲೆ ಕೈಯಿಂದಲೇ ದಪ್ಪ ಕಟ್ಟಿ ಬಿಡಿಸಿದೆ.

ಅಕ್ಷರಮಾಲೆಯ ಕ್ರಮದಲ್ಲಿ ಬಿಡಿಸುತ್ತ ಹೋಗುವುದನ್ನು ಆಗಸ್ಟ್ ಕೊನೆಯಲ್ಲಿ ಬಿಟ್ಟೆ. ಬದಲಿಗೆ ಪುಸ್ತಕದಲ್ಲಿ ಬರುವ ಹೆಸರುಗಳನ್ನೇ ಎದುರಿಗಿಟ್ಟುಕೊಂಡೆ. ಈ ಇಡೀ ಅನುಭವದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ತೀರ್ಮಾನ ಇದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಕಾಡಿನ ಜೌಗು ನೆಲದಲ್ಲಿ, ಸಿಕ್ಕ ಒಂದು ಮರಕ್ಕೆ 2000ನೆಯ ಇಸವಿಯಲ್ಲಿ ಸೆಮಿಕಾರ್ಪಸ್ ಕತಲೇಕಾನೆನ್ಸಿಸ್ ಎಂದು ಹೆಸರಿಡಲಾಯಿತು. ನಮ್ಮ ಕಾಡಿನ ಹೆಸರು ಲ್ಯಾಟಿನ್ ವೇಷ ತೊಟ್ಟು ಜಗತ್ತಿನ ಸಸ್ಯಪಟ್ಟಿ ಸೇರಿದೆ. ರೋಮನ್ ಲಿಪಿಯಲ್ಲಿ ಆ ಎರಡನೆಯ ಪದ 15 ಅಕ್ಷರಗಳದ್ದು. ‘ಎ’ ಮೂರು ಸಲ ಬರುತ್ತದೆ, ‘ಕೆ’, ‘ಇ’, ‘ಎನ್’, ‘ಎಸ್’ ಎರಡೆರಡು ಸಲ. ಒಂದೇ ಅಕ್ಷರ ಬೇರೆ ಬೇರೆ ನೆರೆಹೊರೆಯಲ್ಲಿ ಹೇಗೆ ಕಾಣುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪದ ನನಗೆ ಸಿಗಲಿಲ್ಲ. ಸಣ್ಣ ‘ಕೆ’ಗೆ ಮೊದಲು ಸುರುಳಿಯ ತಲೆ ಬಿಡಿಸಿದ್ದೆ, ತೆಳು ಓರೆಯಲ್ಲಿ ಹಾಗೆಯೇ ಇದೆ. ದಪ್ಪವಾದಾಗ ಆ ಸುರುಳಿ ಮುಚ್ಚಿ ‘ಕೆ’ ದೂರದಿಂದ ‘ಎಚ್’ನಂತೆ ಕಂಡಿತು. ಈ ಹೆಸರಿನಲ್ಲಿ ‘ಎಚ್’ ಕೂಡ ಇದೆ, ತಪ್ಪಾಗಿ ಓದಲು ಬೇರೆ ಕಾರಣ ಬೇಕಿಲ್ಲ. ಸುರುಳಿ ಬಿಚ್ಚಿ ಎರಡು ನೇರ ಕಾಲುಗಳನ್ನು ಕೊಟ್ಟೆ.

ಅಂಕಣದ ಅಗಲ 60 ಮಿಲಿಮೀಟರ್. ಬರೀ ವಾಲಿಸಿದ ದಪ್ಪ ಅಕ್ಷರದಲ್ಲಿ ಈ ಹೆಸರು ನಾಲ್ಕು ಮಿಲಿಮೀಟರ್ ಹೊರಗೆ ಚಾಚಿ, ಮುರಿದು ಎರಡನೆಯ ಸಾಲಿಗೆ ಬೀಳುತ್ತಿತ್ತು. ಓರೆಗೆ ತಕ್ಕಂತೆ ಅಕ್ಷರಗಳನ್ನು ಕಿರಿದು ಮಾಡಿದ ಮೇಲೆ ಒಂದೇ ಸಾಲಿನಲ್ಲಿ ಕುಳಿತಿತು. ಅಂದು ರಾತ್ರಿ ನಿಜಕ್ಕೂ ಸಂತೋಷಪಟ್ಟೆ.

ಮಿಕ್ಕ ಹೆಸರುಗಳು ತಮ್ಮ ತಮ್ಮ ಪಾಠ ಕಲಿಸಿದವು. ಕಾಫಿಯ ಕುಲನಾಮದಲ್ಲಿ ಎರಡು ‘ಎಫ್’ ಅಕ್ಕಪಕ್ಕ ಬರುತ್ತವೆ. ಶುಂಠಿಯ ಪ್ರಭೇದನಾಮ ಆಫಿಸಿನಾಲೆ, ಅದರಲ್ಲಿ ಎರಡು ‘ಎಫ್’ ಮತ್ತು ತಕ್ಷಣ ಒಂದು ‘ಐ’. ದಪ್ಪ ‘ಎಫ್’ನ ಬಾಗಿದ ತಲೆ ಮುಂದಿನ ‘ಐ’ಯ ಚುಕ್ಕೆಗೆ ಡಿಕ್ಕಿ ಹೊಡೆದು ಅಲ್ಲಿ ಒಂದು ಮಸಿಯ ಉಂಡೆಯಾಯಿತು. ಮೂರನ್ನೂ ಬೆಸೆದು ಒಂದೇ ಕೂಡಕ್ಷರ ಬಿಡಿಸಬೇಕಾಯಿತು. ಒತ್ತಕ್ಷರಗಳ ನಡುವೆ ಬೆಳೆದ ನಮಗೆ ಇದು ಹೊಸತಲ್ಲ, ಆದರೂ ಆ ಒಂದು ಕೂಡಕ್ಷರಕ್ಕೆ ಮೂರು ದಿನ ಹಿಡಿಯಿತು. ನೇರಳೆಯ ಕುಲನಾಮ ಸಿಝೀಜಿಯಮ್‌ನಲ್ಲಿ ‘ವೈ’, ‘ಝೆಡ್’, ‘ವೈ’ ಸಾಲಾಗಿ ನಿಂತು ನಡುವೆ ಬಿರುಕು ಬಿಟ್ಟವು. ಅಲ್ಲಿ ಜೋಡಿ ಜೋಡಿಯಾಗಿ ಅಂತರ ತಿದ್ದಿದೆ. ಅಕ್ಷರಗಳ ನಡುವಿನ ಅಂತರಕ್ಕೆ ಬಿಡಿಸುವುದಕ್ಕಿಂತ ಹೆಚ್ಚು ಸಮಯ ಇಟ್ಟುಕೊಳ್ಳಿ. ನನಗೆ ಬಿಡಿಸಲು ಏಳು ವಾರ, ಅಂತರಕ್ಕೆ ಒಂಬತ್ತು ವಾರ ಬೇಕಾಯಿತು.

ಸಂಪಾದಕರು ಒಂದು ದಿನ ಕರಡು ನೋಡುತ್ತ, “ಕನ್ನಡದ ಹೆಸರನ್ನೂ ವಾಲಿಸಬಹುದಲ್ಲ, ಎರಡೂ ಒಂದೇ ತರ ಕಾಣುತ್ತವೆ” ಎಂದರು. “ಒಮ್ಮೆ ಮಾಡಿ ತೋರಿಸುತ್ತೇನೆ ಸರ್, ನೀವೇ ಹೇಳಿ” ಎಂದೆ. ಮತ್ತಿ, ಹೊನ್ನೆ ಎರಡನ್ನೂ ವಾಲಿಸಿ ಮುದ್ರಿಸಿಕೊಟ್ಟೆ. ವಾಲಿಸಿದಾಗ ಸಾಲಿನ ಮೇಲಿರುವುದು ಬಲಕ್ಕೆ ಸರಿಯುತ್ತದೆ, ಕೆಳಗಿರುವುದು ಎಡಕ್ಕೆ ಸರಿಯುತ್ತದೆ. ತಲೆಕಟ್ಟು ಬಲಕ್ಕೆ ಹೋಯಿತು, ‘ತ್ತಿ’ಯ ಒತ್ತು ಎಡಕ್ಕೆ ಜಾರಿ ತನ್ನದೇ ಅಕ್ಷರದ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು. ‘ನ್ನೆ’ಯೂ ಹಾಗೆಯೇ. ಅವರು ಕನ್ನಡಕ ತೆಗೆದು ಕಾಗದವನ್ನು ಹತ್ತಿರ ಹಿಡಿದು ನೋಡಿ, “ಬೇಡ, ಕನ್ನಡ ನೆಟ್ಟಗೇ ನಿಲ್ಲಲಿ” ಎಂದರು. ಕನ್ನಡದಲ್ಲಿ ಒತ್ತಿ ಹೇಳಲು ದಪ್ಪ ಅಕ್ಷರ ಸಾಕು ಎಂಬುದು ನನ್ನ ಅಭಿಪ್ರಾಯವೂ ಹೌದು. ಓರೆ ಬೇಕೇ ಬೇಕು ಎನ್ನುವವರು ಒತ್ತಕ್ಷರಗಳನ್ನೆಲ್ಲ ಮತ್ತೆ ಕೂರಿಸಲು ಸಿದ್ಧರಿರಬೇಕು. ನಾನು ಹೊಸ ಫಾಂಟ್ ಕಡತದೊಳಗೆ ನೇರ ದಪ್ಪ ಕನ್ನಡವನ್ನೇ ಇಟ್ಟಿದ್ದೇನೆ. ಇಲ್ಲದಿದ್ದರೆ ಕನ್ನಡದ ಮೇಲೆ ಯಾರಾದರೂ ಓರೆ ಗುಂಡಿ ಒತ್ತಿದಾಗ ಮತ್ತಾವುದೋ ಫಾಂಟ್ ಬಂದು ಕೂರುತ್ತದೆ.

ನವೆಂಬರ್‌ನಲ್ಲಿ ಮೊದಲ ಸಲ ಕಡತ ಕಟ್ಟಿ ಗಣಕದಲ್ಲಿ ಅಳವಡಿಸಿದಾಗ ಅದು ಬೇರೆಯೇ ಕುಟುಂಬವಾಗಿ ಪಟ್ಟಿಯಲ್ಲಿ ಬಂತು. ಗುಂಡಿ ಒತ್ತಿದರೆ ದಪ್ಪದ ಮೇಲೆ ಇನ್ನಷ್ಟು ದಪ್ಪ, ಓರೆಯ ಮೇಲೆ ಇನ್ನಷ್ಟು ಓರೆ. ಎರಡು ವಾರ ಒದ್ದಾಡಿ, ಕೊನೆಗೆ ಫಾಂಟ್ ತಾಂತ್ರಿಕತೆ ಬಲ್ಲವರೊಬ್ಬರಿಗೆ ಹಣ ಕೊಟ್ಟು ತೋರಿಸಿದೆ. ದೋಷ ಅಕ್ಷರಗಳಲ್ಲಿ ಇರಲಿಲ್ಲ, ಒಳಗಿನ ಅಂಕಿಗಳಲ್ಲಿ ಇತ್ತು. ಬರೆದಿಟ್ಟುಕೊಳ್ಳಿ: ಕುಟುಂಬದ ಹೆಸರು ನಾಲ್ಕೂ ಕಡತಗಳಲ್ಲಿ ಅಕ್ಷರಶಃ ಒಂದೇ ಇರಬೇಕು. ಫಾಂಟ್ ಕಡತದೊಳಗಿನ ಓಎಸ್/2 ಎಂಬ ಕೋಷ್ಟಕದಲ್ಲಿ ತೂಕ, ಅಂದರೆ ದಪ್ಪದ ಅಂಕಿ, 700, ಎಫ್‌ಎಸ್‌ಸೆಲೆಕ್ಷನ್ ಎಂಬಲ್ಲಿ ಓರೆಯ ಬಿಟ್ ಮತ್ತು ದಪ್ಪದ ಬಿಟ್ ಎರಡೂ ಇರಬೇಕು, ಬೇರೇನೂ ಇಲ್ಲದಿದ್ದರೆ ಅದರ ಮೊತ್ತ 33. ಹೆಡ್ ಕೋಷ್ಟಕದ ಮ್ಯಾಕ್‌ಸ್ಟೈಲ್ 3. ಬಲಕ್ಕೆ ವಾಲಿದ ಕೋನವನ್ನು ಋಣಸಂಖ್ಯೆಯಾಗಿ ಬರೆಯಬೇಕು, ನನ್ನದು -11. ಪಿಡಿಎಫ್‌ನಲ್ಲಿ ಅಡಕವಾಗಲು ಅನುಮತಿ ಸೂಚಿಸುವ ಎಫ್‌ಎಸ್‌ಟೈಪ್ 0 ಇರಲಿ. ತಿದ್ದಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಗಾಬರಿಯಾಗಬೇಡಿ, ಹಳೆಯ ಕಡತ ತೆಗೆದುಹಾಕಿ ಗಣಕವನ್ನು ಮತ್ತೆ ಆರಂಭಿಸಿ.

ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಮುದ್ರಣಾಲಯಕ್ಕೆ ಹೋದೆ. ಲೇಸರ್ ಪ್ರತಿಯಲ್ಲಿ ಎಲ್ಲವೂ ಸ್ಫುಟವಾಗಿತ್ತು. ಅದನ್ನೇ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದ ಮೇಲೆ ಆಫ್‌ಸೆಟ್‌ನಲ್ಲಿ ಹೊಡೆದಾಗ ರೋಮನ್ ‘ಇ’ ಅಕ್ಷರದ ಕಣ್ಣು, ಅಂದರೆ ಅದರೊಳಗಿನ ಬಿಳಿ ಜಾಗ, ಮುಚ್ಚಿಹೋಗಿತ್ತು. ಕತ್ತಲೆಕಾನಿನ ಮರದ ಹೆಸರಿನಲ್ಲಿ ಎರಡು ಕಪ್ಪು ಚುಕ್ಕೆಗಳಂತೆ ಕಂಡವು. ಶಾಯಿ ಹೆಚ್ಚಾಯಿತೇ ಎಂದು ಕೇಳಿದೆ. ಮೂವತ್ತು ವರ್ಷ ಯಂತ್ರದ ಮುಂದೆ ನಿಂತಿರುವ ಹಿರಿಯರು ಭೂತಗನ್ನಡಿ ನನ್ನ ಕೈಗೆ ಕೊಟ್ಟು, “ತಂಗೀ, ಶಾಯಿ ಕಡಿಮೆ ಮಾಡಿದರೆ ಪುಟವೆಲ್ಲ ಪೇಲವ ಆಗುತ್ತದೆ. ಈ ಕಾಗದ ಹೀರುತ್ತದೆ. ಅಕ್ಷರದಲ್ಲೇ ಜಾಗ ಬಿಡಿ” ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ಊರಿಗೆ ಮರಳಿ ‘ಇ’ಯ ಕಣ್ಣಿನ ಎತ್ತರವನ್ನು 34 ಮಾನಗಳಿಂದ 52ಕ್ಕೆ ಏರಿಸಿದೆ. ಅಕ್ಷರ ಬಿಡಿಸುವ ಚೌಕದ ಎತ್ತರ ಸಾವಿರ ಮಾನ. ಹನ್ನೆರಡು ಪಾಯಿಂಟ್‌ನಲ್ಲಿ ಲೆಕ್ಕ ಹಾಕಿದರೆ 0.14 ಮಿಲಿಮೀಟರ್ ಇದ್ದದ್ದು 0.22 ಆಯಿತು. ಅಕ್ಷರದ ಕಾಂಡದ, ಅಂದರೆ ಮುಖ್ಯ ಗೆರೆಯ, ದಪ್ಪವನ್ನು 142ರಿಂದ 130ಕ್ಕೆ ಇಳಿಸಿದೆ. ಓರೆ ಅಕ್ಷರ ಕಿರಿದಾದ್ದರಿಂದ ಅದರೊಳಗಿನ ಬಿಳಿ ಕಡಿಮೆ. ನೇರ ದಪ್ಪದಷ್ಟೇ ಕಾಂಡ ಕೊಟ್ಟರೆ ಅದು ಅದಕ್ಕಿಂತ ಕಪ್ಪಾಗಿ ಕಾಣುತ್ತದೆ. ಕಾಂಡ ಸಣ್ಣದಾದಾಗಲೇ ಎರಡೂ ಪುಟದ ಮೇಲೆ ಒಂದೇ ಬಣ್ಣಕ್ಕೆ ಬಂದವು. ಎರಡನೆಯ ಪ್ರೂಫ್‌ನಲ್ಲಿ ಕಣ್ಣುಗಳು ತೆರೆದಿದ್ದವು. ನೀವು ಕಡೆಗೆ ಯಾವ ಕಾಗದದ ಮೇಲೆ ಮುದ್ರಿಸುತ್ತೀರೋ ಆ ಕಾಗದದ ಮೇಲೆ ಒಂದು ಪುಟವನ್ನಾದರೂ ಬೇಗ ಹೊಡೆಸಿ ನೋಡಿ. ಕೊನೆಯಲ್ಲಿ ನೋಡಿದ್ದರಿಂದ ನನಗೆ ಎಲ್ಲ ಸಣ್ಣಕ್ಷರಗಳನ್ನೂ, ಅವುಗಳ ಅಂತರವನ್ನೂ ಮತ್ತೆ ತಿದ್ದಬೇಕಾಯಿತು.

ಖರ್ಚು ಹೀಗಾಯಿತು: ಲೇಸರ್ ಕರಡುಗಳಿಗೆ 1,850 ರೂಪಾಯಿ, ಎರಡು ಆಫ್‌ಸೆಟ್ ಪ್ರೂಫ್‌ಗಳಿಗೆ 7,600, ತಾಂತ್ರಿಕ ಸಹಾಯಕ್ಕೆ 5,000, ಬಸ್ಸು ಮತ್ತು ಊಟಕ್ಕೆ 1,900. ಒಟ್ಟು 16,350. ನನ್ನ ಸಮಯಕ್ಕೆ ಬೆಲೆ ಕಟ್ಟಿಲ್ಲ, ಪ್ರಕಾಶಕರು ಕೊಡಲು ಮುಂದೆ ಬಂದರೂ ನಾನು ತೆಗೆದುಕೊಳ್ಳಲಿಲ್ಲ. ನೀವು ತೆಗೆದುಕೊಳ್ಳಿ.

ಇನ್ನು ಬಳಕೆಯ ವಿಷಯ. ಈ ಅಕ್ಷರದಲ್ಲಿ ಒಂದು ಪರಿಚ್ಛೇದ ಓದಿ ನೋಡಿದೆ, ನಾಲ್ಕನೆಯ ಸಾಲಿಗೇ ಕಣ್ಣು ದಣಿಯಿತು. ಎರಡು ಮೂರು ಪದಗಳಿಗೆ ಅದು ಸರಿ. ಸಸ್ಯದ ತಲೆಬರಹ, ನಿಘಂಟಿನಲ್ಲಿ ಅನ್ಯಭಾಷೆಯಿಂದ ಬಂದ ಮುಖ್ಯಪದ, ಸಾಲಿನ ಆರಂಭದಲ್ಲೇ ಬರುವ ಉಪಶೀರ್ಷಿಕೆ ಇಂಥ ಕಡೆ ಅದರ ಶಕ್ತಿ ತಿಳಿಯುತ್ತದೆ. ಒಂಬತ್ತು ಪಾಯಿಂಟ್‌ಗಿಂತ ಕೆಳಗೆ ನಾನು ಬಳಸುವುದಿಲ್ಲ. ಸಮಾನಾರ್ಥಕ ಹೆಸರುಗಳ ಪಟ್ಟಿಯನ್ನು ತೆಳು ಓರೆಯಲ್ಲೇ ಬಿಟ್ಟಿದ್ದೇವೆ. ಎಲ್ಲವನ್ನೂ ದಪ್ಪ ಮಾಡಿದರೆ ಈಗ ಒಪ್ಪಿತವಾಗಿರುವ ಹೆಸರು ಯಾವುದೆಂದು ಓದುಗರಿಗೆ ತಿಳಿಯುವುದಿಲ್ಲ.

ಪುಸ್ತಕದ ಕಟ್ಟು ಬಂದ ದಿನ ಪ್ರಾಧ್ಯಾಪಕರು ನಮ್ಮ ಮನೆಗೇ ಬಂದರು. ಕತ್ತಲೆಕಾನಿನ ಮರದ ಪುಟ ತೆರೆದು ಹೆಸರಿನ ಮೇಲೆ ಬೆರಳಾಡಿಸಿದರು. ಆ ಮರವನ್ನು ಜಡ್ಡಿಯ ನೀರಿನಲ್ಲಿ ನಿಂತು ನೋಡಿದ ದಿನದ ಬಗ್ಗೆ ಬಹಳ ಹೊತ್ತು ಹೇಳಿದರು. ಅವರು ಹೋದ ಮೇಲೆ ನಾನು ಉಪ್ಪಾಗೆಯ ಪುಟ ತೆರೆದೆ. ಗಾರ್ಸೀನಿಯಾ ಗುಮ್ಮಿ-ಗುಟ್ಟಾ ಎಂಬ ಹೆಸರಿನ ನಡುವಿನ ಅಡ್ಡಗೆರೆ ಒಂದು ಕೂದಲೆಳೆಯಷ್ಟು ಕೆಳಗೆ ಕುಳಿತಿದೆ. ಮರುಮುದ್ರಣಕ್ಕೆ ಮೊದಲು ಅದನ್ನು ಎಂಟು ಮಾನ ಮೇಲಕ್ಕೆತ್ತಬೇಕು. ಕಾಸರಕದ ನಕ್ಸ್-ವಾಮಿಕಾದಲ್ಲಿಯೂ ಅದೇ ಗೆರೆ ಬರುತ್ತದೆ, ಅಲ್ಲಿ ‘ಎಕ್ಸ್’ ಪಕ್ಕ ಹೇಗೆ ಕಾಣುತ್ತದೆಂದು ನೋಡಿಕೊಂಡೇ ಎತ್ತಬೇಕು.